ಅಪ್‌ಡೇಟ್: ಕೊನೆಗೂ ತಾಮ್ರದ ಪಟ್ಟಿಯನ್ನೇ ಹಾಕಿದೆ

ಬ್ಯಾಟರಿ ಸೆಲ್‌ಗಳನ್ನು ಜೋಡಿಸಲು ಶುದ್ಧ ತಾಮ್ರದ ಪಟ್ಟಿಯೇ ಬೇಕಾ, ಹಿತ್ತಾಳೆ ಸಾಕಾ ಅಂತ ಕೇಳಿದ್ದೆ. ತಾಮ್ರವನ್ನೇ ತಂದೆ. ಹಿತ್ತಾಳೆಯ ವಿದ್ಯುತ್ ವಾಹಕತೆ ತಾಮ್ರದ ಕಾಲು ಭಾಗದ ಆಸುಪಾಸು ಅಷ್ಟೇ, ಇನ್ನೇನು ಯೋಚಿಸುವುದು?

ಪಟ್ಟಿ ಬಂದ ಕೂಡಲೇ ಅಂಚನ್ನು ಅರದಿಂದ ಉಜ್ಜಿದೆ. ಒಳಗೂ ಅದೇ ಕೆಂಪು. ಅಯಸ್ಕಾಂತಕ್ಕೂ ಅಂಟಲಿಲ್ಲ. ಅಂದರೆ ಉಕ್ಕಿಗೆ ತಾಮ್ರ ಲೇಪಿಸಿದ್ದಲ್ಲ. ಅಗಲ 20 ಮಿ.ಮೀ., ದಪ್ಪ 2 ಮಿ.ಮೀ. ಅಡ್ಡಕೊಯ್ತ 40 ಚದರ ಮಿ.ಮೀ. ಆಯಿತು. ನನ್ನ ಚಿಕ್ಕ ಇನ್ವರ್ಟರ್‌ಗೆ ಧಾರಾಳ.

ತೂತು ಕೊರೆಯುವುದೇ ಪೀಕಲಾಟ. ತಾಮ್ರ ಮೆತ್ತಗೆ, ಡ್ರಿಲ್ ಬಿಟ್ಟನ್ನು ಕಚ್ಚಿಕೊಂಡು ಗಿರ್ರನೆ ತಿರುಗಿಬಿಡುತ್ತದೆ. ಕೈಯಲ್ಲಿ ಹಿಡಿಯಲೇಬೇಡಿ. ಕ್ಲ್ಯಾಂಪ್ ಹಾಕಿ, ಕೆಳಗೆ ಮರದ ತುಂಡಿಟ್ಟು, ಎಣ್ಣೆ ಬಿಡುತ್ತಾ ನಿಧಾನ ಕೊರೆಯಿರಿ. ತೂತಿನ ಸುತ್ತ ಏಳುವ ಚೂಪು ಅಂಚನ್ನು ಉಜ್ಜಿ ತೆಗೆಯದಿದ್ದರೆ ಪಟ್ಟಿ ಸಮನಾಗಿ ಕೂರುವುದಿಲ್ಲ, ಬೋಲ್ಟ್ ಹತ್ತಿರ ಜಾಸ್ತಿ ಬಿಸಿಯಾಗುತ್ತದೆ.

ಉಳಿದ ತುಂಡಿನಲ್ಲಿ ಸುಮ್ನೆ ಒಂದು ಕಡಗ ಮಾಡುತ್ತಿದ್ದೇನೆ. ಬಡಿದಷ್ಟೂ ಗಟ್ಟಿಯಾಯಿತು. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದೆ, ಮತ್ತೆ ಮೆತ್ತಗಾಯಿತು. ಉಕ್ಕಾಗಿದ್ದರೆ ಉಲ್ಟಾ ಆಗುತ್ತಿತ್ತು, ಅಲ್ವಾ? ಮೇಲೆ ಕೂತ ಕಪ್ಪು ಪದರವನ್ನು ವಿನೆಗರ್, ಉಪ್ಪು ಹಾಕಿ ತಿಕ್ಕುತ್ತಿದ್ದೇನೆ. ಮೂಲೆಗಳಲ್ಲಿ ಇನ್ನೂ ಸ್ವಲ್ಪ ಉಳಿದಿದೆ.