ಕೈಕೆಲಸ ಸರಿ ಇದೆ, ಬಿಹೇವಿಯರ್ ಸರಿ ಇಲ್ಲ ಅಂದರು. ಏನು ಮಾಡಲಿ?

ಸಪ್ತಾಪುರ_ಹುಡುಗ:
ನಮಸ್ಕಾರ. ಮನೆ ಧಾರವಾಡ, ಹುಬ್ಬಳ್ಳಿಯಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮೂರನೇ ವರ್ಷ. ಆಸ್ಪತ್ರೆಯಲ್ಲಿ ಆರ್ಥೋ (ಮೂಳೆ-ಕೀಲು ವಿಭಾಗ) ಪೋಸ್ಟಿಂಗ್ ಒಂದು ತಿಂಗಳು ಮುಗಿಯಿತು. ಕೊನೇ ದಿನ ಮೇಡಂ ಕರೆದು, "ಅಸೆಸ್‌ಮೆಂಟ್ ಚೆನ್ನಾಗಿ ಮಾಡ್ತೀಯ, ಗೋನಿಯೋಮೀಟರ್ (ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಅಳೆಯೋ ಸಾಧನ) ಹಿಡಿಯೋದು ಸರಿ ಇದೆ, ಆದರೆ ಪ್ರೊಫೆಷನಲ್ ಬಿಹೇವಿಯರ್ ಇಲ್ಲ" ಅಂದರು. ಅದಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದಾರೆ.

ಮೂರು ಸಲ ತಡವಾಗಿ ಬಂದೆ ಅಂದರು. ಬೆಳಗ್ಗೆ ಚಿಗರಿ (ಹುಬ್ಬಳ್ಳಿ-ಧಾರವಾಡ ನಡುವಿನ ಬಿಆರ್‌ಟಿಎಸ್) ಬಸ್ ತುಂಬಿರುತ್ತದೆ, ಎರಡು ಬಿಟ್ಟು ಮೂರನೆಯದು ಹತ್ತಬೇಕು, ನಾನೇನು ಮಾಡಲಿ? ಪೇಷಂಟ್ ಮುಂದೆ ಫೋನ್ ನೋಡಿದೆ ಅಂದರು. ಅದು ಎಕ್ಸರ್‌ಸೈಸ್‌ಗೆ ಟೈಮರ್ ಹಾಕಲು ತೆಗೆದದ್ದು. ನೋಟ್ಸ್ ಮರುದಿನ ಬರೆದೆ ಅಂದರು. ಅವತ್ತು ಹದಿನಾಲ್ಕು ಪೇಷಂಟ್ ಇದ್ದರು. ಇದೆಲ್ಲಾ ಹೋಗಲಿ, ಮೊಣಕಾಲು ಬದಲಾಯಿಸಿಕೊಂಡ ಒಬ್ಬ ಅಜ್ಜಿ "ಆ ಹುಡುಗ ಬ್ಯಾಡ್ರಿ, ಬ್ಯಾರೇದಾರ್ನ ಕಳಸ್ರಿ" ಅಂದರಂತೆ. ಅವರ ಮೊಣಕಾಲು ಮಡಚೋದು 70 ಡಿಗ್ರಿ ಇದ್ದದ್ದನ್ನು 90ಕ್ಕೆ ತಂದವನು ನಾನು! ಬೇಜಾರು ಅದಕ್ಕೇ ಜಾಸ್ತಿ.

ಸುಮ್ನೆ ಮುಖ ಗಂಟು ಹಾಕಿಕೊಂಡು ಇಸ್ತ್ರಿ ಏಪ್ರನ್ ಹಾಕಿಕೊಂಡು ಓಡಾಡಿದರೆ ಪ್ರೊಫೆಷನಲ್ಲಾ? ಇದು ಸ್ವಭಾವದಲ್ಲೇ ಇರಬೇಕಾ, ಕಲಿಯೋಕೆ ಆಗುತ್ತಾ? ಸೋಮವಾರದಿಂದ ನ್ಯೂರೋ (ಮೆದುಳು-ನರಗಳ ವಿಭಾಗ) ಪೋಸ್ಟಿಂಗ್ ಇದೆ.

ಗದಗಿನ_ಫಿಸಿಯೋ:
ತಮ್ಮಾ, ನೀನು ಬರೆದದ್ದನ್ನು ನೀನೇ ಇನ್ನೊಮ್ಮೆ ಓದು. ನಾಲ್ಕು ದೂರು ಹೇಳಿದ್ದೀಯ. ಮೂರಕ್ಕೆ ಬೆನ್ನಿಗೇ ಕಾರಣ ಅಂಟಿಸಿದ್ದೀಯ, ನಾಲ್ಕನೆಯದಕ್ಕೆ ಡಿಗ್ರಿ ಲೆಕ್ಕ ಕೊಟ್ಟಿದ್ದೀಯ. ಮೇಡಂ ಎದುರಿಗೂ ಹೀಗೇ ಮಾತಾಡಿದ್ದರೆ ನಾಲ್ಕು ಬಂದದ್ದೇ ದೊಡ್ಡದು.

ಕಾರಣಗಳು ಸುಳ್ಳು ಅಂತ ಹೇಳುತ್ತಿಲ್ಲ. ಚಿಗರಿಯಲ್ಲಿ ನಾನೂ ನಿಂತುಕೊಂಡು ಓಡಾಡಿದವನೇ. ಆದರೆ ಫೋನ್ ತೆಗೆದದ್ದು ಟೈಮರ್‌ಗೆ ಅಂತ ಮಲಗಿರುವ ಪೇಷಂಟ್‌ಗೆ ಹೇಗೆ ಗೊತ್ತಾಗಬೇಕು? "ಟೈಮ್ ಹಚ್ಚಾಕ ಫೋನ್ ತಗದೀನ್ರಿ ಅಜ್ಜಿ" ಅಂತ ಒಂದು ಮಾತು ಅಂದಿದ್ದರೆ ಮುಗಿದಿತ್ತು. ಇಲ್ಲಾ, ಸೆಕೆಂಡ್ ಮುಳ್ಳು ಇರೋ ಒಂದು ವಾಚ್ ತಗೋ, ಪಲ್ಸ್ ಎಣಿಸೋಕೂ ಆಗುತ್ತದೆ. ನೋಟ್ಸ್ ವಿಷಯವೂ ಅಷ್ಟೇ. ನಿನಗೆ ಮರುದಿನವೂ ನೆನಪಿರಬಹುದು, ಆದರೆ ಸಂಜೆ ಅದೇ ಪೇಷಂಟನ್ನು ನೋಡುವವರಿಗೆ ಬೆಳಗ್ಗೆ ನೋವು ಹತ್ತಕ್ಕೆ ಎಷ್ಟಿತ್ತು, ನೀನು ಎಷ್ಟು ಮಡಚಿಸಿದೆ ಅನ್ನೋದು ಆ ಹಾಳೆಯಿಂದಲೇ ತಿಳಿಯಬೇಕು ಅಲ್ವಾ.

ನನ್ನದೊಂದು ಹೇಳುತ್ತೇನೆ. ಇಂಟರ್ನ್ ಆಗಿದ್ದಾಗ ಶುಗರ್ ಇದ್ದ ಒಬ್ಬ ಕಾಕಾ ಅವರ ಪಾದಕ್ಕೆ ಹಾಟ್ ಪ್ಯಾಕ್ ಇಟ್ಟೆ. ಇಡುವ ಮುಂಚೆ ಬಿಸಿನೀರಿನ ಟೆಸ್ಟ್ ಟ್ಯೂಬ್, ತಣ್ಣೀರಿನ ಟೆಸ್ಟ್ ಟ್ಯೂಬ್ ಮುಟ್ಟಿಸಿ ಯಾವುದು ಯಾವುದು ಗೊತ್ತಾಗುತ್ತದಾ ಅಂತ ಕೇಳಬೇಕು. ಗಡಿಬಿಡಿಯಲ್ಲಿ ಬಿಟ್ಟೆ. ಶುಗರ್ ಹಳೆಯದಾದರೆ ಪಾದದ ಸ್ಪರ್ಶ ಕಡಿಮೆ ಆಗಿರುತ್ತದೆ, ಸುಟ್ಟರೂ ಅವರಿಗೆ ತಿಳಿಯೋದಿಲ್ಲ. "ಆರಾಮ್ ಅನಸಾಕತ್ತೈತಿ" ಅಂತಲೇ ಮಲಗಿದ್ದರು. ಪ್ಯಾಕ್ ತೆಗೆದಾಗ ಬೊಬ್ಬೆ ಎದ್ದಿತ್ತು. ಸೀನಿಯರ್‌ಗೆ ಹೇಳಲು ಅರ್ಧ ಗಂಟೆ ತಗೊಂಡೆ. ಬೊಬ್ಬೆಗೆ ಅವರು ಅಷ್ಟು ಬೈಯಲಿಲ್ಲ. ಆ ಅರ್ಧ ಗಂಟೆಗೆ ಬೈದರು.

ಕಲಿಯೋಕೆ ಆಗುತ್ತಾ ಅಂದೆಯಲ್ಲ, ಆಗುತ್ತದೆ. ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಶುರುವಿನಲ್ಲಿ ವಾರನ್ ಮೇ ಮತ್ತು ಜೊತೆಯವರು ಫಿಸಿಯೋ ವಿದ್ಯಾರ್ಥಿಗಳಿಗಾಗಿ ಇಂಥ 10 ಗುಣಗಳನ್ನು ಗುರುತಿಸಿದರು. ಮಾತುಕತೆ, ಜವಾಬ್ದಾರಿ, ಸಮಯ ಬಳಸುವ ರೀತಿ, ಒತ್ತಡ ತಡೆದುಕೊಳ್ಳೋದು, ಹೀಗೆ. ತಿದ್ದಿದ್ದನ್ನು ತಗೊಳ್ಳೋದು ಕೂಡ ಅದರಲ್ಲಿ ಒಂದು, ನಿನಗೆ ಅದೇ ಪಾಠ. ಪ್ರತಿ ಗುಣಕ್ಕೂ ಮೆಟ್ಟಿಲು ಇಟ್ಟಿದ್ದಾರೆ: ಶುರು, ಬೆಳೆಯುತ್ತಿರುವುದು, ಕೆಲಸಕ್ಕೆ ಸೇರುವ ಮಟ್ಟ, ಅದರಾಚೆ. ಮೂರನೇ ವರ್ಷದವನು ಮೂರನೇ ಮೆಟ್ಟಿಲಲ್ಲಿ ಇರಬೇಕು ಅಂತ ಯಾರೂ ಹೇಳೋದಿಲ್ಲ.

ಬ್ಯಾಡಗಿ_ಅಕ್ಕ:
ನಾನು ಫಿಸಿಯೋ ಅಲ್ಲ. ಅವ್ವನ ಎರಡೂ ಮೊಣಕಾಲು ಬದಲಾಯಿಸಿದಾಗ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಅವರ ಪಕ್ಕ ಕೂತಿದ್ದವಳು. ಆ ಅಜ್ಜಿ ಯಾಕೆ ಬೇಡ ಅಂದರು ಅಂತ ನನಗೆ ಅಂದಾಜು ಇದೆ.

ನಮ್ಮಲ್ಲಿ ಮೊದಲ ದಿನ ನಾಲ್ಕು ಹುಡುಗರು ಬಂದರು. ಹೆಸರು ಹೇಳಲಿಲ್ಲ, ಪರದೆ ಎಳೆಯಲಿಲ್ಲ, ಸೀದಾ ಸೀರೆ ಸರಿಸಿ ಮೊಣಕಾಲು ಮಡಚಿದರು. ತಮ್ಮ ತಮ್ಮಲ್ಲೇ ಇಂಗ್ಲಿಷ್‌ನಲ್ಲಿ ಏನೋ ಅಂದುಕೊಂಡು ನಕ್ಕರು. ಅವ್ವನನ್ನು ನೋಡಿ ನಕ್ಕಿರಲಿಕ್ಕಿಲ್ಲ, ಆದರೆ ಅವ್ವ ಹಂಗೇ ತಿಳಿದುಕೊಂಡಳು. ಮರುದಿನದಿಂದ ಒಬ್ಬ ಹುಡುಗಿ ಬಂದಳು. ಪರದೆ ಎಳೆದಳು, ಚಾದರ ಹೊದಿಸಿ ಮೊಣಕಾಲು ಅಷ್ಟೇ ಹೊರಗೆ ಇಟ್ಟಳು, "ಅವ್ವಾರ, ಕಾಲ ಮುಟ್ಟಲ್ರೀ? ಸ್ವಲ್ಪ ಬ್ಯಾನಿ ಆಗ್ತೈತಿ, ತಡೀಲಿಲ್ಲಂದ್ರ ಕೈ ಎತ್ರಿ, ನಿಂದರಸ್ತೀನಿ" ಅಂದಳು. ಅವ್ವ ಕೈ ಎತ್ತಿದಾಗ ನಿಜವಾಗಲೂ ನಿಲ್ಲಿಸಿದಳು. ಆಮೇಲೆ ಅವ್ವ ಕೈ ಎತ್ತಿದ್ದೇ ಕಡಿಮೆ.

ಇನ್ನೊಂದು ಮಾತು ಕೇಳಿದಳು, ಮನೆಗೆ ಹೋದ ಮೇಲೆ ಏನು ಕೆಲಸ ಮಾಡಬೇಕು ಅಂತ. ನಮ್ಮ ಕಡೆ ಹೆಂಗಸರು ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ, ಅವ್ವ ಅದನ್ನೇ ಹೇಳಿದಳು. ನೆಲಕ್ಕೆ ಕೂರೋದು ಇನ್ನು ಬೇಡ ಅಂತ ತಿಳಿಸಿ ಹೇಳಿ, ಎಷ್ಟು ಎತ್ತರದ ಸ್ಟೂಲ್ ಬೇಕು ಅಂತ ಮಂಚದ ಹತ್ತಿರ ಕೈಯಲ್ಲಿ ಅಳತೆ ತೋರಿಸಿದಳು. ನಿಮ್ಮ 90 ಡಿಗ್ರಿ ದೊಡ್ಡದೇ ಇರಬಹುದು ತಮ್ಮಾ, ಆದರೆ ಆ ಅಜ್ಜಿಗೆ ಅದನ್ನು ಯಾರಾದರೂ ಹೇಳಿದ್ದರಾ? ಕುರ್ಚಿಯಿಂದ ತಾನೇ ಎದ್ದು ಬಚ್ಚಲಿಗೆ ಹೋಗಿ ಬರೋದು, ಅದು ಅವರಿಗೆ ಗೊತ್ತಿರೋ ಲೆಕ್ಕ.

ಇಂಟರ್ನ್_ನವಲಗುಂದ:
ನಾನು ಸ್ವಲ್ಪ ಹುಡುಗನ ಪರ. "ಬಿಹೇವಿಯರ್ ಇಲ್ಲ" ಅಂತ ತಿಂಗಳ ಕೊನೇ ದಿನ ಹೇಳಿ ನಾಲ್ಕು ಅಂಕ ಹಾಕೋದು ಯಾವ ತಿದ್ದುವ ರೀತಿ? ಎರಡನೇ ವಾರದಲ್ಲೇ ಹೇಳಬಹುದಿತ್ತು. ಅವರು ಹೇಳದಿದ್ದರೆ ನೀನೇ ಕೇಳು. ಹೇಗೆ ಮಾಡ್ತಿದ್ದೀನಿ ಅಂತ ಕೇಳಿದರೆ "ಪರವಾಗಿಲ್ಲ" ಅನ್ನುತ್ತಾರೆ. ಯಾವ ಪೇಷಂಟ್ ಹತ್ತಿರ ಏನು ತಪ್ಪಿತು ಅಂತ ಕೇಳಿದರೆ ಉತ್ತರ ಸಿಗುತ್ತದೆ.

ನ್ಯೂರೋಗೆ ಹೋಗುತ್ತಿದ್ದೀಯ ಅಂತ ಒಂದಿಷ್ಟು. ಲಕ್ವಾ ಹೊಡೆದವರನ್ನು ಎಬ್ಬಿಸುವಾಗ ಬಿದ್ದುಹೋದ ಕೈ ಹಿಡಿದು ಎಳೆಯಬೇಡ, ಭುಜದ ಕೀಲು ಸಡಿಲ ಇರುತ್ತದೆ. ಮನೆಯವರು ಎಳೆಯುತ್ತಿದ್ದರೂ ಮೆತ್ತಗೆ ತಿಳಿಸಿ ಹೇಳು. ಮಾತು ನಿಂತಿದೆ ಅಂತ ಮಗನ ಜೊತೆ ಮಾತಾಡಿ ಪೇಷಂಟನ್ನು ಮರೆಯಬೇಡ, ಮಾತು ಬರದಿದ್ದರೂ ಎಷ್ಟೋ ಜನಕ್ಕೆ ಎಲ್ಲಾ ತಿಳಿಯುತ್ತಿರುತ್ತದೆ. ಮನೆಯವರು ದಿನಾ ಕೇಳುತ್ತಾರೆ, "ಎಷ್ಟ್ ದಿನಕ್ಕ ನಡೀತಾರ್ರೀ ಸರ್?" ಸಮಾಧಾನಕ್ಕೆ ಅಂತ ಒಂದು ತಿಂಗಳು ಅಂದುಬಿಡಬೇಡ. ನಾನು ಅಂದಿದ್ದೆ. ತಿಂಗಳಾದ ಮೇಲೆ ಅವರ ಮುಖ ನೋಡೋಕೆ ಆಗಲಿಲ್ಲ. ಜೋಮು, ಚಳಕು, ಕಸುವಿಲ್ಲ ಅಂತ ಅವರು ಏನು ಪದ ಬಳಸುತ್ತಾರೋ ಅದನ್ನೇ ಮೊದಲು ಬರೆದುಕೋ, ಇಂಗ್ಲಿಷ್ ಹೆಸರು ಆಮೇಲೆ.

ಮತ್ತೆ, ಪೇಷಂಟ್ ನಡೆಯೋ ವಿಡಿಯೋ ನಿನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಲೇಬೇಡ. ನಮ್ಮ ಬ್ಯಾಚ್‌ನಲ್ಲಿ ಒಬ್ಬ ಮುಖ ಕಾಣೋ ಹಾಗೆ ಹಾಕಿದ, ಪೇಷಂಟ್ ಅಳಿಯನ ಕೈಗೆ ಹೋಗಿ ದೊಡ್ಡ ಗಲಾಟೆ ಆಯಿತು.

ಸಪ್ತಾಪುರ_ಹುಡುಗ:
ಒಂಬತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಗದಗಿನ ಸರ್ ಮಾತು ಓದಿ ಮೊದಲು ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮೇಡಂ ಹತ್ತಿರ ಹೋಗಿ ಆ ಅಜ್ಜಿ ವಿಷಯದಲ್ಲಿ ಏನು ತಪ್ಪಿತು ಅಂತ ಕೇಳಿದೆ. "ಅವರು ಅಳ್ತಿದ್ದರು, ನೀನು ಡಿಗ್ರಿ ಓದ್ತಿದ್ದೆ" ಅಂದರು. ಅಷ್ಟೇ. ಅಜ್ಜಿ ಅತ್ತದ್ದು ನನಗೆ ನಿಜವಾಗಲೂ ನೆನಪಿಲ್ಲ, 90 ಬಂದದ್ದು ನೆನಪಿದೆ. ಅವರು ಡಿಸ್ಚಾರ್ಜ್ ಆಗಿ ಊರಿಗೆ ಹೋಗಿದ್ದಾರೆ.

ನ್ಯೂರೋದಲ್ಲಿ ಕುಂದಗೋಳ ಕಡೆಯ ಒಬ್ಬ ಮಾಮಾ ಇದ್ದಾರೆ, ಬಲಗಡೆ ಬಿದ್ದಿದೆ, ಮಾತಿಲ್ಲ. ದಿನಾ ಹೆಸರು ಹೇಳಿ ಕೈ ಮುಟ್ಟಲಾ ಅಂತ ಕೇಳುತ್ತೇನೆ. ಮೊದಲೆರಡು ದಿನ ಗೋಡೆಗೆ ಮಾತಾಡಿದ ಹಾಗೆ ಅನಿಸಿತು, ಈಗ ಕೇಳುವ ಮುಂಚೆಯೇ ಎಡಗೈಯಿಂದ ಬಲಗೈ ಎತ್ತಿ ನನ್ನ ಕಡೆ ಕೊಡುತ್ತಾರೆ. ವಾಚ್ ತಗೊಂಡೆ. ನೋಟ್ಸ್ ಅವತ್ತಿನದು ಅವತ್ತೇ. ಇವತ್ತು ಒಂದು ಸಲ ತಡ ಆಯಿತು, ಕಾರಣ ಬರೆಯೋದಿಲ್ಲ.

ಗದಗಿನ_ಫಿಸಿಯೋ:
ತಡ ಆಗುತ್ತದೆ ಅಂತ ಮುಂಚೆ ಫೋನ್ ಮಾಡಿ ಹೇಳಿದ್ಯಾ?

ಸಪ್ತಾಪುರ_ಹುಡುಗ:
ಇಲ್ಲ ಸರ್. ನಾಳೆಯಿಂದ ಮಾಡುತ್ತೇನೆ.

ಬ್ಯಾಡಗಿ_ಅಕ್ಕ:
ಅಂದರೆ ನಾಳೆಯೂ ತಡ ಮಾಡೋ ಪ್ಲಾನ್ ಇದೆ ಅಂದಂಗಾಯ್ತು.