ರೈಡ್ ನಡೆಸುವವರು ಮೈಕಿನಲ್ಲಿ ಜನರನ್ನು ರಂಜಿಸುವುದು ತಪ್ಪೇ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಿನ ಹೊರವಲಯದ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ರೈಡ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದ್ದಾನೆ. ನಮ್ಮ ಜಾತ್ರೆಗಳಲ್ಲಿ ಕೊಲಂಬಸ್ ಎಂದು ಕರೆಯುವ, ಹಿಂದಕ್ಕೂ ಮುಂದಕ್ಕೂ ತೂಗುವ ಹಡಗಿನ ರೈಡ್ ಅವನ ಪಾಲಿಗೆ ಬಂದಿದೆ. ಹಡಗಿನ ಒಂದು ತುದಿ ಮೇಲಕ್ಕೇರಿದಾಗ ಅಲ್ಲಿ ಕುಳಿತವರನ್ನು ಕೂಗಲು ಹೇಳುವುದು, ಇನ್ನೊಂದು ತುದಿ ಏರಿದಾಗ "ಈ ಕಡೆಯವರ ದನಿ ಏನೂ ಸಾಲದು" ಎಂದು ಎರಡೂ ಕಡೆಯವರ ನಡುವೆ ಪೈಪೋಟಿ ಹಚ್ಚುವುದು ಅವನಿಗೆ ತಾನಾಗಿಯೇ ಒಲಿದು ಬಂದಿದೆ. ಜನ ನಗುತ್ತಾರೆ, ಇಳಿದು ಹೋಗುವಾಗ ಅವನಿಗೆ ಕೈ ಬೀಸುತ್ತಾರೆ, ಕೆಲವರು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಅವನ ಸೂಪರ್‌ವೈಸರ್, ಬರೆದುಕೊಟ್ಟ ಸುರಕ್ಷತಾ ಸೂಚನೆಯನ್ನು ಬಿಟ್ಟು ಇನ್ನೊಂದು ಮಾತನ್ನೂ ಮೈಕಿನಲ್ಲಿ ಆಡಬಾರದೆಂದು ಖಂಡಿತವಾಗಿ ಹೇಳಿಬಿಟ್ಟಿದ್ದಾರೆ.

ಹುಡುಗ ಕುಗ್ಗಿ ಹೋಗಿದ್ದಾನೆ. ಅವನಿಗೆ ಸಮಾಧಾನ ಹೇಳುವುದಕ್ಕಿಂತ ವಿಷಯವನ್ನು ತಿಳಿದವರಿಂದ ತಿಳಿದುಕೊಳ್ಳುವುದು ಮೇಲೆಂದು ಇಲ್ಲಿ ಕೇಳುತ್ತಿದ್ದೇನೆ. ಆಪರೇಟರ್ ಹೀಗೆ ಮಾತನಾಡುವುದರಿಂದ ಸುರಕ್ಷತೆಗೆ ನಿಜವಾಗಿಯೂ ಧಕ್ಕೆಯಾಗುತ್ತದೆಯೇ? ಬೇರೆ ದೇಶಗಳಲ್ಲಿ ಇದನ್ನು ಒಂದು ಕಸುಬೆಂದು ಪರಿಗಣಿಸಿ ಕಲಿಸುತ್ತಾರೆಯೇ? ಯಾವ ಮಾತು ಸಲ್ಲುತ್ತದೆ, ಯಾವುದು ಸಲ್ಲದು?

ಹಸಿರುಗುಂಡಿ (ಪ್ರತಿಕ್ರಿಯೆ):

ತುಂಗಾತೀರ ಅವರೇ, ನಾನು ಹಲವು ವರ್ಷ ರೋಲರ್ ಕೋಸ್ಟರ್ ಮತ್ತು ಡ್ರಾಪ್ ಟವರ್ ನಡೆಸಿದವನು, ಈಗ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುತ್ತಿದ್ದೇನೆ. ನಿಮ್ಮ ತಮ್ಮನ ಸೂಪರ್‌ವೈಸರ್ ಅವರ ಆತಂಕಕ್ಕೆ ಕಾರಣವಿದೆ, ಆದರೆ ಅವರು ಹಾಕಿದ ನಿಯಮ ಮಾತ್ರ ಆ ಕಾರಣಕ್ಕಿಂತ ಬಹಳ ದೊಡ್ಡದಾಯಿತು.

ರೈಡಿನ ಒಂದು ಸುತ್ತನ್ನು ಹತ್ತಿರದಿಂದ ನೋಡಿ. ಜನ ಹತ್ತಿ ಕುಳಿತುಕೊಳ್ಳುತ್ತಾರೆ. ಸಹಾಯಕರು ಸಾಲು ಸಾಲಾಗಿ ಬಂದು ಪ್ರತಿಯೊಂದು ಲ್ಯಾಪ್ ಬಾರನ್ನೂ, ಅಂದರೆ ಕುಳಿತವರನ್ನು ತೊಡೆಯ ಮೇಲೆ ಅದುಮಿ ಹಿಡಿಯುವ ಕಂಬಿಯನ್ನು, ಒಮ್ಮೆ ಕೆಳಕ್ಕೆ ಒತ್ತಿ, ಒಮ್ಮೆ ಮೇಲಕ್ಕೆ ಎಳೆದು ನೋಡುತ್ತಾರೆ. ಆಮೇಲೆ ತಮ್ಮ ತಮ್ಮ ಜಾಗಕ್ಕೆ ಸರಿದು ನಿಂತು ಹೆಬ್ಬೆರಳು ಎತ್ತುತ್ತಾರೆ. ಎಲ್ಲರ ಹೆಬ್ಬೆರಳು ಕಂಡ ಮೇಲೆಯೇ ಆಪರೇಟರ್ ಹಸಿರು ಗುಂಡಿ ಒತ್ತಬೇಕು. ಈ ಪರೀಕ್ಷೆ ನಡೆಯುವಷ್ಟು ಹೊತ್ತು ಮೈಕ್ ಮೌನವಾಗಿರಬೇಕು. ಜನರನ್ನು ನಗಿಸಲು ಹೊರಟವನ ಕಣ್ಣು ನಗುವ ಮುಖಗಳ ಕಡೆಗೇ ಹೋಗುತ್ತದೆ. ಆ ಗಳಿಗೆಯಲ್ಲಿ ಕೊನೆಯ ಸಾಲಿನ ಸಹಾಯಕ ಇನ್ನೂ ಕೈ ಎತ್ತಿಲ್ಲ ಎಂಬುದು ತಪ್ಪಿಹೋಗಬಹುದು. ಜೊತೆಗೆ, ಒತ್ತಿ ಹಿಡಿದು ಮಾತನಾಡುವ ಮೈಕಾದರೆ ಒಂದು ಕೈ ಅದಕ್ಕೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಮೈಕ್ ಎಡಗೈಯಲ್ಲಿರಲಿ, ಬಲಗೈ ಯಾವಾಗಲೂ ತುರ್ತು ನಿಲುಗಡೆಯ ಕೆಂಪು ಗುಂಡಿಯ ಬಳಿಯಲ್ಲಿರಲಿ ಎಂದು ನಾನು ಮೊದಲ ದಿನವೇ ಹೇಳಿಕೊಡುತ್ತೇನೆ.

ಇನ್ನು ರೈಡ್ ಚಲಿಸುತ್ತಿರುವಾಗಿನ ಮಾತು. ಇದರಿಂದ ಸುರಕ್ಷತೆ ಹೆಚ್ಚುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜನರೊಡನೆ ಮಾತನಾಡುವವನು ಅವರನ್ನು ನೋಡಲೇಬೇಕಾಗುತ್ತದೆ. ಸುಮ್ಮನೆ ಕುಳಿತ ಆಪರೇಟರ್ ಟೈಮರನ್ನು ದಿಟ್ಟಿಸುತ್ತಿರುತ್ತಾನೆ. ಮಾತನಾಡುವವನಿಗೆ ಮೂರನೆಯ ಸಾಲಿನಲ್ಲಿ ಮೊಬೈಲ್ ತೆಗೆಯಲು ಜೇಬಿಗೆ ಕೈ ಹಾಕುತ್ತಿರುವ ಹುಡುಗನೂ, ಮುಖ ಬಿಳಿಚಿಕೊಂಡ ಮಗುವೂ ಕಣ್ಣಿಗೆ ಬೀಳುತ್ತಾರೆ. "ನೀಲಿ ಅಂಗಿಯ ಅಣ್ಣಾ, ಮೊಬೈಲ್ ಒಳಗಿಡಿ, ಕೈ ಕಂಬಿಯ ಮೇಲಿರಲಿ" ಎಂದು ಕೂಡಲೇ ಹೇಳಬಹುದು. ಅಲ್ಲಿಯವರೆಗೆ ಅವನ ಮಾತು ಕೇಳಿ ನಗುತ್ತಿದ್ದವರು ಈ ಮಾತನ್ನೂ ಕೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ರೈಡ್ ನಡುವೆ ನಿಂತುಹೋದಾಗಿನ ಸಂಗತಿ. ಕೋಸ್ಟರ್‌ಗಳಲ್ಲಿ ಸೆನ್ಸರ್ ಒಂದು ಸಣ್ಣ ವ್ಯತ್ಯಾಸವನ್ನು ಗುರುತಿಸಿದರೂ ರೈಲು ಏರಿನ ಮೇಲೆ ತಾನಾಗಿಯೇ ನಿಲ್ಲುವಂತೆ ವ್ಯವಸ್ಥೆ ಇರುತ್ತದೆ. ಅದು ಯಂತ್ರ ಸರಿಯಾಗಿ ಕೆಲಸ ಮಾಡಿದ್ದರ ಲಕ್ಷಣವೇ ಹೊರತು ಅಪಾಯವಲ್ಲ, ಆದರೆ ಎತ್ತರದಲ್ಲಿ ಕುಳಿತವರಿಗೆ ಅದು ಗೊತ್ತಿರುವುದಿಲ್ಲ. ಆಗ ಹಿಂದೆಂದೂ ಕೇಳದ ಒರಟು ದನಿಯೊಂದು "ಕುಳಿತಲ್ಲೇ ಇರಿ" ಎಂದು ಗದರಿದರೆ ಗಾಬರಿ ಹೆಚ್ಚುತ್ತದೆ. ಹತ್ತುವಾಗಿನಿಂದ ತಮ್ಮೊಡನೆ ಮಾತನಾಡುತ್ತಿದ್ದ ದನಿಯೇ ನಿಧಾನವಾಗಿ, ಏನಾಯಿತು, ಇನ್ನೆಷ್ಟು ಹೊತ್ತು, ಯಾರು ಬರುತ್ತಿದ್ದಾರೆ ಎಂದು ತಿಳಿಸಿದರೆ ಜನ ತಾಳ್ಮೆಯಿಂದ ಇರುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಿಯೆರಾ_ಕನ್ನಡಿಗ (ಪ್ರತಿಕ್ರಿಯೆ):

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನಿಂದ ಒಂದಿಷ್ಟು ಉತ್ತರ. ನಾವು ಕ್ಯಾಲಿಫೋರ್ನಿಯಾದಲ್ಲಿರುವುದರಿಂದ ಊರಿನಿಂದ ಬಂದ ನೆಂಟರಿಗೆಲ್ಲ ಆನಹೈಮ್‌ನ ಡಿಸ್ನಿಲ್ಯಾಂಡ್ ತೋರಿಸುವುದು ವಾಡಿಕೆಯಾಗಿದೆ. ಅಲ್ಲಿನ ಜಂಗಲ್ ಕ್ರೂಸ್ ಎಂಬ ದೋಣಿಯಾತ್ರೆ ಈ ಕಲೆಯ ದೊಡ್ಡ ಪಾಠಶಾಲೆ ಎನ್ನಬಹುದು. 1955ರ ಜುಲೈ 17ರಂದು ಪಾರ್ಕ್ ಆರಂಭವಾದ ದಿನದಿಂದಲೂ ಅದು ನಡೆಯುತ್ತಿದೆ. ದೋಣಿ ನೀರಿನಡಿಯ ಹಳಿಯ ಗುಂಟ ಸಾಗುತ್ತದೆ. ಸ್ಕಿಪ್ಪರ್ ಎಂದು ಕರೆಸಿಕೊಳ್ಳುವ ಆಪರೇಟರ್ ಅದನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕಾಗಿಲ್ಲ, ವೇಗವನ್ನು ಹೆಚ್ಚು ಕಡಿಮೆ ಮಾಡಿದರೆ ಸಾಕು. ಉಳಿದ ಶಕ್ತಿಯೆಲ್ಲ ಮಾತಿಗೇ ಮೀಸಲು.

ಮೊದಲಿಗೆ ಆ ಮಾತು ಹಾಸ್ಯದ್ದಾಗಿರಲಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಕಾಡುಪ್ರಾಣಿಗಳ ಕುರಿತ ಸಾಕ್ಷ್ಯಚಿತ್ರದ ನಿರೂಪಣೆಯಂತೆ ಗಂಭೀರವಾಗಿ ಹೇಳಿಕೊಂಡು ಹೋಗುತ್ತಿದ್ದರು. 1960ರ ದಶಕದ ಆರಂಭದಲ್ಲಿ ಮಾರ್ಕ್ ಡೇವಿಸ್ ಎಂಬ ಕಲಾವಿದರು ಸ್ನಾನ ಮಾಡುವ ಆನೆಗಳ ಕೊಳದಂಥ ತಮಾಷೆಯ ದೃಶ್ಯಗಳನ್ನು ಸೇರಿಸಿದ ಮೇಲೆ ನಿರೂಪಣೆಯೂ ತಮಾಷೆಯ ಕಡೆಗೆ ಹೊರಳಿತು. ಇಂದು ಅಲ್ಲಿ ಅತ್ಯಂತ ಪ್ರಸಿದ್ಧವಾದ ಮಾತೆಂದರೆ, ಜಲಪಾತವೊಂದರ ಹಿಂದಿನಿಂದ ದೋಣಿ ಹಾದುಹೋಗುವಾಗ ಸ್ಕಿಪ್ಪರ್ ಮಹಾ ವಿಸ್ಮಯವೊಂದನ್ನು ತೋರಿಸುವವರಂತೆ ದನಿ ಏರಿಸಿ, ಪ್ರಪಂಚದ ಎಂಟನೆಯ ಅದ್ಭುತ ಇದೇ, "ನೀರಿನ ಬೆನ್ನು" ಎಂದು ಸಾರುವುದು. ಬರೆದು ನೋಡಿದರೆ ಇದರಲ್ಲಿ ಏನೂ ಇಲ್ಲ. ಜಲಪಾತ ಕಾಣಿಸುವುದಕ್ಕೂ ಮಾತು ಹೊರಡುವುದಕ್ಕೂ ಹೊಂದಿಕೆ ಕೂಡಿಬಂದಾಗ ಮಾತ್ರ ದೋಣಿಯಿಡೀ ನಗುತ್ತದೆ. ಮುಂದಿನ ದೋಣಿ ಇನ್ನೂ ಜನರನ್ನು ಇಳಿಸುತ್ತಿದ್ದರೆ ಇವರು ವೇಗ ತಗ್ಗಿಸಿ, ಆ ಖಾಲಿ ಹೊತ್ತನ್ನು ಬೇಸರ ಬಾರದಂತೆ ಮಾತಿನಿಂದ ತುಂಬಬೇಕು. ಇಂಥದ್ದೆಲ್ಲ ಕಲಿಕೆಯಿಂದ ಬರುವ ವಿದ್ಯೆ. ಒಪ್ಪಿಗೆ ಪಡೆದ ನಿರೂಪಣೆಯನ್ನು ಸ್ಕಿಪ್ಪರ್‌ಗಳು ಕಂಠಪಾಠ ಮಾಡಿಕೊಂಡು, ಆಮೇಲೆ ಅದರೊಳಗಿನ ಆಯ್ಕೆಗಳಲ್ಲಿ ತಮ್ಮ ಸ್ವಭಾವಕ್ಕೆ ಒಗ್ಗುವುದನ್ನು ಬಳಸುತ್ತಾರೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಪತ್ರಿಕಾ ಕಾರ್ಯದರ್ಶಿಯಾಗಿದ್ದ ರಾನ್ ಝೀಗ್ಲರ್ ವಿದ್ಯಾರ್ಥಿಯಾಗಿದ್ದಾಗ ಇದೇ ದೋಣಿಯ ಸ್ಕಿಪ್ಪರ್ ಆಗಿದ್ದವರು.

ಯಾವುದು ಸಲ್ಲದು ಎಂಬುದಕ್ಕೂ ಅಲ್ಲೇ ನಿದರ್ಶನವಿದೆ. ಕಾಡಿನ ಜನರನ್ನು ಅನಾಗರಿಕರೆಂಬಂತೆ ಚಿತ್ರಿಸುತ್ತಿದ್ದ ದೃಶ್ಯಗಳನ್ನು 2021ರಲ್ಲಿ ತೆಗೆದುಹಾಕಿದರು, ಅವುಗಳನ್ನು ಅವಲಂಬಿಸಿದ್ದ ಹಾಸ್ಯವೂ ಅದರೊಂದಿಗೆ ಹೋಯಿತು. ದೋಣಿಯಲ್ಲಿ ನಗು ಕಡಿಮೆಯಾಗಿದೆ ಎಂದು ನನಗೇನೂ ಅನ್ನಿಸಿಲ್ಲ. ಭಾಷೆಯ ವಿಷಯದಲ್ಲಿ ಹಾಂಗ್‌ಕಾಂಗ್‌ನ ಡಿಸ್ನಿಲ್ಯಾಂಡ್ ಮಾಡಿದ ವ್ಯವಸ್ಥೆ ನಮಗೆ ಹೆಚ್ಚು ಪ್ರಯೋಜನದ್ದು. ಅಲ್ಲಿ ಇದೇ ಬಗೆಯ ದೋಣಿಗೆ ಕ್ಯಾಂಟೊನೀಸ್, ಮ್ಯಾಂಡರಿನ್, ಇಂಗ್ಲಿಷ್ ಎಂದು ಮೂರು ಬೇರೆ ಸಾಲುಗಳಿದ್ದು, ನಿಮ್ಮ ಭಾಷೆಯ ಸಾಲಿನಲ್ಲಿ ನಿಂತರೆ ನಿಮ್ಮ ಭಾಷೆಯ ಸ್ಕಿಪ್ಪರ್ ಸಿಗುತ್ತಾರೆ. ಬೆಂಗಳೂರಿನ ಪಾರ್ಕುಗಳಿಗೆ ಐದಾರು ಭಾಷೆಯ ಜನ ಬರುತ್ತಾರೆಂಬ ನೆಪದಲ್ಲಿ ಕನ್ನಡದ ಮಾತನ್ನೇ ಕೈಬಿಡಬೇಕಾಗಿಲ್ಲ.

ಇಸಾರ್_ದಂಡೆ (ಪ್ರತಿಕ್ರಿಯೆ):

ಮೇಲಿನವರು ಹೇಳಿದ್ದು ಬರೆದ ಮಾತಿನ ಸಂಪ್ರದಾಯ. ನಾನಿರುವ ಮ್ಯೂನಿಕ್‌ನಲ್ಲಿ ಬರೆಯದ ಮಾತಿನ ಸಂಪ್ರದಾಯವೂ ಇದೆ. ಜರ್ಮನಿಯ ಜಾತ್ರೆಗಳಲ್ಲಿ ರೈಡಿನ ಮೈಕ್ ಹಿಡಿಯುವವರನ್ನು ರೆಕೊಮಾಂಡೋರ್ ಎನ್ನುತ್ತಾರೆ. ಇಲ್ಲಿನ ದೊಡ್ಡ ಜಾತ್ರೆಯಾದ ಅಕ್ಟೋಬರ್‌ಫೆಸ್ಟ್‌ನಲ್ಲಿ 1910ರಿಂದ ಇರುವ ಟಾಯ್‌ಫೆಲ್ಸ್‌ರಾಡ್, ಅಂದರೆ ದೆವ್ವದ ಚಕ್ರ, ನಡೆಯುವುದೇ ಈ ಮಾತಿನ ಬಲದಿಂದ. ಯಂತ್ರವೆಂದರೆ ನೆಲಮಟ್ಟದಲ್ಲಿ ತಿರುಗುವ, ನುಣುಪಾದ ಒಂದು ಮರದ ತಟ್ಟೆ, ಅಷ್ಟೇ. ಮೈಕಿನವರು "ಈಗ ಚಿಕ್ಕ ಮಕ್ಕಳು", "ಈಗ ಹೆಂಗಸರು ಮಾತ್ರ" ಎಂದು ಗುಂಪು ಗುಂಪಾಗಿ ಕರೆಯುತ್ತಾರೆ. ಕರೆದವರು ಓಡಿ ಬಂದು ತಟ್ಟೆಯ ನಡುವಿನ ಜಾಗಕ್ಕಾಗಿ ನೂಕಾಡುತ್ತಾರೆ. ತಟ್ಟೆ ತಿರುಗತೊಡಗಿ ವೇಗ ಏರಿದಂತೆ ಅಂಚಿನವರು ಒಬ್ಬೊಬ್ಬರಾಗಿ ಜಾರಿ ಬೀಳುತ್ತಾರೆ. ಕೊನೆಯವರೆಗೂ ಕದಲದೆ ಕುಳಿತವರನ್ನು ಉರುಳಿಸಲು ಸಿಬ್ಬಂದಿ ಹಗ್ಗ ಎಸೆಯುತ್ತಾರೆ, ಮೆತ್ತನೆಯ ದೊಡ್ಡ ಚೆಂಡನ್ನು ಹಗ್ಗಕ್ಕೆ ಕಟ್ಟಿ ಬೀಸುತ್ತಾರೆ. ಇಷ್ಟು ಹೊತ್ತೂ ಬವೇರಿಯಾದ ಆಡುಮಾತಿನಲ್ಲಿ ವೀಕ್ಷಕ ವಿವರಣೆ ಹರಿಯುತ್ತಲೇ ಇರುತ್ತದೆ. ನಮ್ಮ ಕರಾವಳಿಯ ಕಂಬಳದಲ್ಲಿ ಮೈಕಿನ ಮುಂದೆ ಕುಳಿತವರ ದನಿ ಕೋಣಗಳ ಓಟದೊಡನೆ ಏರುವುದನ್ನು ಕೇಳಿದವರಿಗೆ ಆ ಲಯ ಕೂಡಲೇ ಪರಿಚಿತವೆನ್ನಿಸುತ್ತದೆ. ಸುತ್ತಲೂ ನಿಂತವರಲ್ಲಿ ಬಹುಪಾಲು ಜನ ತಟ್ಟೆ ಹತ್ತುವುದೇ ಇಲ್ಲ, ನೋಡುವುದಕ್ಕೂ ಆ ಮಾತು ಕೇಳುವುದಕ್ಕೂ ದುಡ್ಡು ಕೊಟ್ಟು ಬಂದಿರುತ್ತಾರೆ.

ಅಲ್ಲಿನ ಚುಡಾಯಿಸುವಿಕೆ ಖಾರವಾಗಿಯೇ ಇರುತ್ತದೆ. ಆದರೂ ಅದು ನಡೆದುಕೊಂಡು ಬಂದಿರುವುದಕ್ಕೆ ಕಾರಣ, ಚುಡಾಯಿಸಿಕೊಳ್ಳುವವರು ತಾವಾಗಿಯೇ ಮುಂದೆ ಬಂದವರು ಎಂಬುದು. ಬೇಡವೆನ್ನುವವರಿಗೆ ಅಂಚಿನಲ್ಲಿ ನಿಂತು ನೋಡುವ ಅವಕಾಶ ಇದ್ದೇ ಇದೆ. ಪಟ್ಟಿ ಬಿಗಿದು ಕೂರಿಸಿದ ರೈಡಿನಲ್ಲಿ ಜನರಿಗೆ ಆ ಅವಕಾಶವಿಲ್ಲ, ಎದ್ದು ಹೋಗಲಾರರು. ಆದ್ದರಿಂದ ನಿಮ್ಮ ತಮ್ಮ ಇಡೀ ಗುಂಪಿನೊಡನೆ ಆಟವಾಡಲಿ, ಒಬ್ಬರನ್ನೇ ಆರಿಸಿಕೊಳ್ಳುವುದಾದರೆ ಅವರು ತಾವಾಗಿ ಕೈ ಎತ್ತಿ ಉತ್ಸಾಹ ತೋರಿಸಿದವರಾಗಿರಲಿ.

ದೊಡ್ಡಕೆರೆ_ಮೈದಾನ (ಪ್ರತಿಕ್ರಿಯೆ):

ನನಗೆ ಈ ಉತ್ಸಾಹದಲ್ಲಿ ಪೂರ್ತಿಯಾಗಿ ಪಾಲುಗೊಳ್ಳಲು ಆಗುತ್ತಿಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನದ ಪಕ್ಕದಲ್ಲೇ ಬೆಳೆದವಳು ನಾನು. ಅಲ್ಲಿ ಮರಣಬಾವಿಯ ಹೊರಗಿನ ಅಟ್ಟದ ಮೇಲೆ ನಿಂತು, ಬೈಕಿನ ಆರ್ಭಟದ ನಡುವೆಯೂ ಜನರನ್ನು ಒಳಕ್ಕೆ ಸೆಳೆಯುತ್ತಿದ್ದವರ ಮಾತುಗಾರಿಕೆಯನ್ನು ಬಾಯಿ ತೆರೆದು ಕೇಳಿದವಳೂ ಹೌದು, ಅದನ್ನು ಇಂದಿಗೂ ಮೆಚ್ಚುತ್ತೇನೆ. ಆದರೆ ಇದೇ ಮೈಕಿನಿಂದ ಹೆಣ್ಣುಮಕ್ಕಳ ಬಟ್ಟೆಯ ಬಣ್ಣ ಹಿಡಿದು, ಜೋಡಿಯಾಗಿ ಬಂದವರ ಸಂಬಂಧ ಹಿಡಿದು, ದಪ್ಪಗಿರುವವರ ಮೈ ಹಿಡಿದು ಆಡುವ ಮಾತುಗಳನ್ನೂ ಕೇಳಿದ್ದೇನೆ. ಹಸಿರುಗುಂಡಿ ಅವರು "ನೀಲಿ ಅಂಗಿಯ ಅಣ್ಣಾ" ಎಂದು ಎಚ್ಚರಿಸಿದ್ದು ಗುರುತಿಗಾಗಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. "ಕೆಂಪು ಚೂಡಿದಾರದ ಮೇಡಂ, ಯಾಕಷ್ಟು ಹೆದರಿಕೆ, ಪಕ್ಕದವರ ಕೈ ಹಿಡ್ಕೊಳ್ಳಿ" ಎಂದಾಗ ಸುತ್ತಲಿನ ನೂರು ಕಣ್ಣುಗಳು ಅವಳ ಕಡೆ ತಿರುಗುತ್ತವೆ, ಅವಳಾದರೋ ಬಾರ್‌ನ ಅಡಿಯಲ್ಲಿ ಸಿಕ್ಕಿಕೊಂಡಿರುತ್ತಾಳೆ. ಹೆದರಿದವರನ್ನು ಕುರಿತು ಯಾವ ತಮಾಷೆಯೂ ಬೇಡ. "ಇಳಿಯಬೇಕೆನ್ನುವವರು ಈಗಲೇ ಕೈ ಎತ್ತಿ, ನಾವು ಕಾಯುತ್ತೇವೆ, ಸಂಕೋಚ ಬೇಡ" ಎಂದು ರೈಡ್ ಹೊರಡುವ ಮೊದಲು ಮೈಕಿನಲ್ಲಿ ಒಂದು ಮಾತು ಬಂದರೆ ಎಷ್ಟೋ ಮಕ್ಕಳು, ಎಷ್ಟೋ ಹಿರಿಯರು ಉಸಿರು ಬಿಡುತ್ತಾರೆ. ಆ ಮಾತನ್ನು ನಾನು ನಮ್ಮ ಯಾವ ಪಾರ್ಕಿನಲ್ಲೂ ಕೇಳಿಲ್ಲ.

ಸದ್ದಿನ ವಿಷಯವೂ ಇದೆ. ಅಕ್ಕಪಕ್ಕದ ಮೂರು ರೈಡುಗಳಲ್ಲಿ ಮೂವರು ಏಕಕಾಲಕ್ಕೆ ಕಿರುಚಿದರೆ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ, ಸುರಕ್ಷತೆಯ ಸೂಚನೆಯೂ ಅದರಲ್ಲೇ ಮುಳುಗುತ್ತದೆ.

ತುಂಗಾತೀರ:

ಎಲ್ಲರ ಉತ್ತರಗಳನ್ನೂ ತಮ್ಮನಿಗೆ ಓದಿ ಹೇಳಿದೆ. ದೊಡ್ಡಕೆರೆ_ಮೈದಾನ ಅವರೇ, ಇಳಿಯಬೇಕೆನ್ನುವವರಿಗೆ ಅವಕಾಶ ಕೊಡುವ ಮಾತು ಅವನ ಮನಸ್ಸಿಗೆ ಬಹಳ ನಾಟಿದೆ. ಅದನ್ನು ಸುರಕ್ಷತಾ ಸೂಚನೆಯ ಜೊತೆಗೇ ಸೇರಿಸಲು ಅನುಮತಿ ಕೇಳುವುದಾಗಿ ಹೇಳಿದ್ದಾನೆ. ಹಸಿರುಗುಂಡಿ ಸರ್, ಸೂಪರ್‌ವೈಸರ್ ಬಳಿ ಈ ವಿಷಯವನ್ನು ಹೇಗೆ ಪ್ರಸ್ತಾಪಿಸಬೇಕು, ಅಲ್ಲಿಯವರೆಗೆ ಅವನು ಏನನ್ನು ಅಭ್ಯಾಸ ಮಾಡಬಹುದು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಹಸಿರುಗುಂಡಿ:

ಮೊದಲು, ಅನುಮತಿ ಸಿಗುವವರೆಗೆ ಅವನು ನಿಯಮವನ್ನು ಮೀರದಿರಲಿ. ತಾನು ಆಡಬೇಕೆಂದಿರುವ ಎಂಟು ಹತ್ತು ವಾಕ್ಯಗಳನ್ನು ಬರೆದು, ಪ್ರತಿಯೊಂದರ ಎದುರಿಗೆ ಅದನ್ನು ಯಾವಾಗ ಆಡುತ್ತೇನೆ ಎಂದೂ ಗುರುತು ಹಾಕಿಕೊಳ್ಳಲಿ: ಜನ ಹತ್ತುವಾಗ ಎರಡು, ಹಡಗು ಪೂರ್ಣ ಎತ್ತರ ಮುಟ್ಟಿದ ಮೇಲೆ ನಾಲ್ಕು, ವೇಗ ಇಳಿಯುವಾಗ ಎರಡು. ಬಾರ್ ಪರೀಕ್ಷೆಯ ಎದುರಿಗೆ "ಮೌನ" ಎಂದು ಅವನ ಕೈಯಿಂದಲೇ ಬರೆದಿರಲಿ. ಆ ಹಾಳೆಯನ್ನು ಸೂಪರ್‌ವೈಸರ್ ಎದುರಿಗಿಟ್ಟು, ಬೆಳಿಗ್ಗೆ ಜನ ಕಡಿಮೆಯಿರುವ ಹೊತ್ತಿನಲ್ಲಿ ಅವರ ಸಮ್ಮುಖದಲ್ಲೇ ಒಂದೆರಡು ಸುತ್ತು ನಡೆಸಿ ತೋರಿಸುವೆನೆಂದು ಕೇಳಲಿ. ಹುಡುಗ ಬಾಯಿಗೆ ಬಂದದ್ದನ್ನು ಆಡುತ್ತಾನೆ ಎಂಬ ಭಯದಿಂದಲೇ ಹೆಚ್ಚಿನ ಸೂಪರ್‌ವೈಸರ್‌ಗಳು ಬೇಡವೆನ್ನುತ್ತಾರೆ. ಹಾಳೆ ಕೈಗೆ ಬಂದಾಗ ಅವರಿಗೆ ತಿದ್ದಲು ಏನಾದರೂ ಸಿಕ್ಕಂತಾಗುತ್ತದೆ, ತಿದ್ದಿದವರು ಆಮೇಲೆ ಬೆಂಬಲಕ್ಕೂ ನಿಲ್ಲುತ್ತಾರೆ.

ಅಭ್ಯಾಸದ ಮಾತೆಂದರೆ, ಮೈಕನ್ನು ತುಟಿಗೆ ತಾಗಿಸದೆ ನಾಲ್ಕು ಬೆರಳಿನಷ್ಟು ದೂರ ಹಿಡಿಯಲಿ, ಇಲ್ಲದಿದ್ದರೆ ಪ, ಬ ಅಕ್ಷರಗಳು ಸ್ಪೀಕರಿನಲ್ಲಿ ಗುದ್ದಿದಂತೆ ಕೇಳುತ್ತವೆ. ಸ್ಪೀಕರಿನ ದನಿ ಎದುರಿನ ಗೋಡೆಗೆ ಬಡಿದು ಹಿಂತಿರುಗುವ ಜಾಗವಾದರೆ ವಾಕ್ಯಗಳು ಗಿಡ್ಡವಾಗಿರಲಿ, ಒಂದು ಮುಗಿದ ಮೇಲೆ ಒಂದು ಉಸಿರಿನಷ್ಟು ಬಿಡುವು ಕೊಡಲಿ. ದಿನವಿಡೀ ಗಂಟಲನ್ನೇ ನೆಚ್ಚಿಕೊಂಡು ಕೂಗಿದರೆ ಸಂಜೆಯ ಪಾಳಿಯ ಹೊತ್ತಿಗೆ ದನಿ ಒಡೆದಿರುತ್ತದೆ. ಆದ್ದರಿಂದ ಕೂಗುವ ಕೆಲಸವನ್ನು ಹಡಗಿನಲ್ಲಿ ಕುಳಿತವರಿಗೆ ಬಿಟ್ಟು, ಅವನು ಸಾಮಾನ್ಯ ದನಿಯಲ್ಲೇ ಮಾತನಾಡಿ ಉಳಿದದ್ದನ್ನು ಆಂಪ್ಲಿಫೈಯರ್‌ಗೆ ಬಿಡಲಿ. ಪಕ್ಕದ ರೈಡಿನ ಆಪರೇಟರ್ ಜೊತೆ ಮೊದಲೇ ಮಾತನಾಡಿಕೊಂಡು, ಅವರು ಸೂಚನೆ ಹೇಳುವಾಗ ಇವನು ಸುಮ್ಮನಿರುವಂತೆ ಹೊಂದಿಸಿಕೊಂಡರೆ ಮೇಲೆ ಹೇಳಿದ ಸದ್ದಿನ ತೊಂದರೆಯೂ ಬಹುಮಟ್ಟಿಗೆ ನೀಗುತ್ತದೆ.