ಮೂರು ವರ್ಷದ ಮಗುವಿಗೆ ಯಾವ ಚಾರ್ಟರ್ ಶಾಲೆ? ವಾಷಿಂಗ್ಟನ್ ಡಿಸಿ ಕನ್ನಡ ಪೋಷಕರ ಪ್ರಶ್ನೋತ್ತರ

ಉತ್ತರಿಸುತ್ತಿರುವವರು: ಡಿಸಿಯ ಶಾಲೆಗಳಲ್ಲಿ ಪ್ರಿ-ಕೆ (ಕಿಂಡರ್‌ಗಾರ್ಟನ್‌ಗೆ ಮೊದಲಿನ ತರಗತಿಗಳ) ಮಕ್ಕಳಿಗೆ ಪಾಠ ಹೇಳಿ, ಈಗ ಕುಟುಂಬಗಳಿಗೆ ಶಾಲೆಯ ಆಯ್ಕೆಯಲ್ಲಿ ನೆರವಾಗುತ್ತಿರುವ ಶಿಕ್ಷಕಿ.

ಪ್ರಶ್ನೆ (ಬ್ರೂಕ್‌ಲ್ಯಾಂಡ್‌ನ ತಾಯಿ): ಮೇಡಂ, ನಮಸ್ಕಾರ. ಮಗಳಿಗೆ ಆಗಸ್ಟ್‌ನಲ್ಲಿ ಮೂರು ತುಂಬುತ್ತದೆ. ಡೇ ಕೇರ್ ಖರ್ಚಿನಿಂದ ಸಾಕುಸಾಕಾಗಿದೆ. ಡಿಸಿಯ ಸರ್ಕಾರಿ ಶಾಲೆಗಳಲ್ಲಿ ಮೂರು ವರ್ಷಕ್ಕೇ ಉಚಿತ ಪ್ರವೇಶ ಎನ್ನುತ್ತಾರೆ, ಚಾರ್ಟರ್ ಶಾಲೆಯೂ ಉಚಿತ ಎನ್ನುತ್ತಾರೆ. ಹಾಗಾದರೆ ವ್ಯತ್ಯಾಸವೇನು? ಮೈಸೂರಿನಿಂದ ನಮ್ಮ ಅತ್ತೆ ಫೋನ್ ಮಾಡಿದಾಗಲೆಲ್ಲ ‘ಡೊನೇಷನ್ ಎಷ್ಟಂತೆ, ಇಂಟರ್‌ವ್ಯೂ ಯಾವಾಗಂತೆ’ ಎಂದು ಕೇಳುತ್ತಾರೆ.

ಉತ್ತರ: ಎರಡೂ ಇಲ್ಲವೆಂದು ಅತ್ತೆಯವರಿಗೆ ಧೈರ್ಯವಾಗಿ ಹೇಳಿಬಿಡಿ. ಡಿಸಿಯ ಚಾರ್ಟರ್ ಶಾಲೆ ಬೋಧನಾ ಶುಲ್ಕ ಕೇಳುವಂತಿಲ್ಲ, ಮಗುವನ್ನು ಪರೀಕ್ಷಿಸಿ ಆರಿಸುವಂತಿಲ್ಲ. ಅರ್ಜಿಗಳು ಸೀಟಿಗಿಂತ ಹೆಚ್ಚಾದರೆ ಲಾಟರಿ.

ಅವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ನಮ್ಮ ಅನುದಾನಿತ ಶಾಲೆಗಳನ್ನು ನೆನಪಿಸಿ. ದುಡ್ಡು ಸರ್ಕಾರದ್ದು, ಆಡಳಿತ ಖಾಸಗಿ ಮಂಡಳಿಯದು. ಆದರೆ ಅನುದಾನ ಇಲ್ಲಿ ಶಿಕ್ಷಕರ ಸಂಬಳದ ಲೆಕ್ಕದಲ್ಲಿ ಬರುವುದಿಲ್ಲ, ತಲಾ ಮಗುವಿಗೆ ಇಷ್ಟು ಎಂದು ಬರುತ್ತದೆ. ಮಗು ಶಾಲೆ ಬಿಟ್ಟರೆ ಹಣವೂ ಅದರ ಹಿಂದೆಯೇ ಹೋಗುತ್ತದೆ. ಈ ಪದ್ಧತಿಗೆ ಮೊದಲು ಕಾನೂನು ಮಾಡಿದ್ದು ಮಿನೆಸೋಟ ರಾಜ್ಯ, 1991ರಲ್ಲಿ. ಡಿಸಿಗೆ ಅದು ಬಂದದ್ದು ಸಂಸತ್ತು ಮಾಡಿದ 1995ರ ಶಾಲಾ ಸುಧಾರಣಾ ಕಾಯ್ದೆಯಿಂದ. ಇಂದು ನಗರದ ಸಾರ್ವಜನಿಕ ಶಾಲಾ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಚಾರ್ಟರ್ ಶಾಲೆಗಳಲ್ಲಿದ್ದಾರೆ.

ಡಿಸಿಪಿಎಸ್, ಅಂದರೆ ನಗರಾಡಳಿತವೇ ನಡೆಸುವ ಶಾಲೆಗಳಲ್ಲಿ, ನಿಮ್ಮ ಬಡಾವಣೆಗೊಂದು ಶಾಲೆ ನಿಗದಿಯಾಗಿರುತ್ತದೆ. ಕಿಂಡರ್‌ಗಾರ್ಟನ್‌ನಿಂದ ಅಲ್ಲಿ ನಿಮಗೆ ಸೀಟು ಹಕ್ಕಿನದು. ಪಿಕೆ-3, ಪಿಕೆ-4ಕ್ಕೆ, ಅಂದರೆ ಮೂರು ಮತ್ತು ನಾಲ್ಕು ವರ್ಷದವರ ಪ್ರಿ-ಕೆ ತರಗತಿಗಳಿಗೆ ಮಾತ್ರ, ಕೆಲವು ಶಾಲೆಗಳನ್ನು ಬಿಟ್ಟರೆ, ಅಲ್ಲಿಯೂ ಲಾಟರಿಯೇ. ಚಾರ್ಟರ್ ಶಾಲೆಗೆ ಬಡಾವಣೆಯ ಗಡಿ ಇಲ್ಲ. ಡಿಸಿಯ ಯಾವ ಮೂಲೆಯಿಂದಲೂ ಅರ್ಜಿ ಹಾಕಬಹುದು. ಅದು ಅನುಕೂಲವೂ ಹೌದು, ತೊಂದರೆಯ ಮೂಲವೂ ಹೌದು. ಅದಕ್ಕೆ ಮುಂದೆ ಬರುತ್ತೇನೆ.

ಪ್ರಶ್ನೆ (ನೇವಿ ಯಾರ್ಡ್‌ನ ತಂದೆ): ಮೇಡಂ, ಹನ್ನೆರಡು ಶಾಲೆಗಳನ್ನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದ್ದೇನೆ. ಪರೀಕ್ಷಾ ಫಲಿತಾಂಶ, ಜಾಲತಾಣಗಳ ರೇಟಿಂಗ್, ಪೋಷಕರ ಅಭಿಪ್ರಾಯ ಎಲ್ಲ ಹಾಕಿದರೂ ಒಂದು ನಿರ್ಧಾರಕ್ಕೆ ಬರಲಾಗುತ್ತಿಲ್ಲ. ಮಗನಿಗೆ ಮೂರು ವರ್ಷ. ಯಾವ ಅಂಕಣಕ್ಕೆ ಹೆಚ್ಚು ತೂಕ ಕೊಡಬೇಕು?

ಉತ್ತರ: ಪಟ್ಟಿ ಮಾಡಿದ್ದು ಒಳ್ಳೆಯದೇ. ಆದರೆ ನೀವು ನೋಡುತ್ತಿರುವ ಪರೀಕ್ಷಾ ಫಲಿತಾಂಶ ಮೂರನೇ ತರಗತಿಯಿಂದ ಮೇಲಿನ ಮಕ್ಕಳದು. ನಗರದ ವಾರ್ಷಿಕ ಡಿಸಿ ಕೇಪ್ ಪರೀಕ್ಷೆ ಶುರುವಾಗುವುದೇ ಅಲ್ಲಿಂದ. ನಿಮ್ಮ ಮಗ ಕೂರುವ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹಾಗೆಂದು ಆ ಅಂಕಣವನ್ನು ಅಳಿಸಬೇಡಿ. ಎಷ್ಟು ಮಕ್ಕಳು ತೇರ್ಗಡೆಯ ಮಟ್ಟ ಮುಟ್ಟಿದರು ಎನ್ನುವುದಕ್ಕಿಂತ, ಒಂದು ವರ್ಷದಲ್ಲಿ ಮಕ್ಕಳು ಎಷ್ಟು ಮುಂದೆ ಬಂದರು ಎಂಬ ಪ್ರಗತಿಯ ಅಂಕಿಯನ್ನು ನೋಡಿ. ಮೊದಲನೆಯದು ಬಹುಮಟ್ಟಿಗೆ ಮನೆಯವರ ಆದಾಯವನ್ನು ಹೇಳುತ್ತದೆ, ಎರಡನೆಯದು ಶಾಲೆಯ ಕೆಲಸವನ್ನು.

ಪ್ರಿ-ಕೆ ತರಗತಿಗಳಿಗೆ ‘ಕ್ಲಾಸ್’ ಎಂಬ ಬೇರೆಯೇ ಅಳತೆಯಿದೆ. ತರಬೇತಿ ಪಡೆದವರು ಕೋಣೆಯಲ್ಲಿ ಕುಳಿತು, ಶಿಕ್ಷಕರು ಮಕ್ಕಳೊಂದಿಗೆ ಹೇಗೆ ಮಾತನಾಡುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ ಎಂದು ಗಮನಿಸಿ 1ರಿಂದ 7ರವರೆಗೆ ಅಂಕ ಕೊಡುತ್ತಾರೆ. ಭಾವನಾತ್ಮಕ ಆಸರೆ, ತರಗತಿಯ ವ್ಯವಸ್ಥೆ, ಕಲಿಕೆಗೆ ಕೊಡುವ ಬೆಂಬಲ ಎಂದು ಮೂರು ವಿಭಾಗ. ಮೂರನೆಯದರಲ್ಲಿ ಎಲ್ಲೆಡೆಯೂ ಅಂಕ ಕಡಿಮೆಯೇ ಬರುತ್ತದೆ, ಗಾಬರಿಯಾಗಬೇಡಿ. ಮೊದಲನೆಯದರಲ್ಲಿ ಕಡಿಮೆ ಬಂದಿದ್ದರೆ ಮಾತ್ರ ನಾನು ಹಿಂದೆ ಸರಿಯುತ್ತೇನೆ.

ಇಷ್ಟಾದ ಮೇಲೆ ಕಂಪ್ಯೂಟರ್ ಮುಚ್ಚಿ ಶಾಲೆಗೆ ಹೋಗಿ. ಸಾಧ್ಯವಾದರೆ ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೇ ಹೋಗಿ. ಒಂದು ಶಾಲೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ ಅಪ್ಪನ ಕಾಲು ಬಿಡದೆ ಅಳುತ್ತಿದ್ದ. ಸಹಾಯಕ ಶಿಕ್ಷಕಿ ಅವನನ್ನು ಎಳೆದುಕೊಳ್ಳಲಿಲ್ಲ, ‘ದೊಡ್ಡ ಹುಡುಗರು ಅಳುವುದಿಲ್ಲ’ ಎನ್ನಲೂ ಇಲ್ಲ. ಮಂಡಿಯೂರಿ ಕುಳಿತು, ಅವನ ಜಾಕೆಟ್‌ನ ಜಿಪ್ ಅರ್ಧ ಎಳೆದು ಉಳಿದರ್ಧ ಅವನಿಗೇ ಬಿಟ್ಟರು. ಕಿಟಕಿಯ ಬಳಿ ಕರೆದೊಯ್ದು ಅಪ್ಪ ರಸ್ತೆ ದಾಟುವವರೆಗೂ ಕೈ ಬೀಸಿಸಿದರು. ಆಮೇಲೆ ಮೀನಿಗೆ ಆಹಾರ ಹಾಕುವ ಕೆಲಸ ಅವನ ಪಾಲಿಗೆ ಬಂತು. ಅಷ್ಟು ಹೊತ್ತೂ ಮುಖ್ಯ ಶಿಕ್ಷಕಿ ಉಳಿದ ಮಕ್ಕಳೊಂದಿಗೆ ನೆಮ್ಮದಿಯಿಂದ ಹಾಡುತ್ತಿದ್ದರು, ಯಾರೂ ಯಾರ ಮೇಲೂ ರೇಗಲಿಲ್ಲ. ಪಿಕೆ-3ರಲ್ಲಿ ಹದಿನಾರು ಮಕ್ಕಳಿಗೆ ಇಬ್ಬರು ದೊಡ್ಡವರಿರಬೇಕೆಂಬ ಮಾನದಂಡ ಏಕಿದೆ ಎಂಬುದು ಇಂಥ ಬೆಳಗಿನಲ್ಲಿ ಗೊತ್ತಾಗುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಎರಡು ಅಂಕಣಗಳನ್ನು ಸೇರಿಸಿ. ಒಂದು, ಹೋದ ವರ್ಷ ಪಾಠ ಮಾಡಿದ ಶಿಕ್ಷಕರಲ್ಲಿ ಎಷ್ಟು ಮಂದಿ ಈ ವರ್ಷವೂ ಇದ್ದಾರೆ. ಡಿಸಿಯಲ್ಲಿ ಚಾರ್ಟರ್ ಶಾಲೆಯ ಶಿಕ್ಷಕರಿಗೆ ನಗರದ ಬೋಧನಾ ಪರವಾನಗಿ ಕಡ್ಡಾಯವಲ್ಲ. ಯಾರನ್ನು ತೆಗೆದುಕೊಳ್ಳಬೇಕು, ಎಷ್ಟು ಸಂಬಳ ಕೊಡಬೇಕು ಎಂಬುದು ಆಯಾ ಶಾಲೆಯ ತೀರ್ಮಾನ. ಆದ್ದರಿಂದ ಇದನ್ನು ಪ್ರಾಂಶುಪಾಲರನ್ನು ನೇರವಾಗಿ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅದೇ ಉತ್ತರವೆಂದು ತಿಳಿಯಿರಿ. ಎರಡು, ಮನೆಯಿಂದ ಶಾಲೆಗೆ ಬೆಳಿಗ್ಗೆ ಎಂಟರ ದಟ್ಟಣೆಯಲ್ಲಿ ಹಿಡಿಯುವ ಸಮಯ. ಚಾರ್ಟರ್‌ಗಳಲ್ಲಿ ಶಾಲಾ ಬಸ್ ಸಾಮಾನ್ಯವಾಗಿ ಇರುವುದಿಲ್ಲ. ನೇವಿ ಯಾರ್ಡ್‌ನಿಂದ ನಗರದ ಉತ್ತರ ತುದಿಗೆ ಮೂರು ವರ್ಷದ ಮಗುವನ್ನು ಎಷ್ಟು ವರ್ಷ ಕರೆದೊಯ್ಯಬಲ್ಲಿರಿ? ಮಳೆಯ ದಿನ, ಜ್ವರದ ದಿನ, ಇಬ್ಬರಿಗೂ ಆಫೀಸಿನಲ್ಲಿ ಮೀಟಿಂಗ್ ಇರುವ ದಿನ? ದೂರದ ಅತ್ಯುತ್ತಮ ಶಾಲೆಗಿಂತ ಹತ್ತಿರದ ಒಳ್ಳೆಯ ಶಾಲೆಯೇ ಮೂರು ವರ್ಷದ ಮಗುವಿಗೆ ಹಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ಗುಂಪಿನ ಸದಸ್ಯರೊಬ್ಬರು (ಪೆಟ್‌ವರ್ತ್): ಒಂದು ಮಾತು ಸೇರಿಸುತ್ತೇನೆ. ಶಾಲೆ ಉಚಿತವೇ ಹೊರತು ಸಂಜೆಯ ಆಫ್ಟರ್ ಕೇರ್ ಬಹುತೇಕ ಕಡೆ ಉಚಿತವಲ್ಲ, ಅದಕ್ಕೂ ಸೀಟು ಬೇಗ ತುಂಬುತ್ತದೆ. ಬೇಸಿಗೆ ರಜೆಯ ಖರ್ಚು ಬೇರೆ. ಊಟದ ಬಗ್ಗೆಯೂ ಕೇಳಿಕೊಳ್ಳಿ. ನಮ್ಮ ಮಗನ ತರಗತಿಯಲ್ಲಿ ಕಡಲೆಕಾಯಿ ನಿಷಿದ್ಧ. ಚಪಾತಿಗೆ ಹಚ್ಚಿ ಕಳಿಸುತ್ತಿದ್ದ ಶೇಂಗಾ ಚಟ್ನಿಪುಡಿ ನಿಲ್ಲಿಸಬೇಕಾಯಿತು.

ಉತ್ತರ: ಸರಿಯಾಗಿ ಹೇಳಿದಿರಿ. ಇನ್ನೊಂದು ಮಗುವಿನ ಅಲರ್ಜಿಯ ವಿಷಯ, ಅದರಲ್ಲಿ ರಿಯಾಯಿತಿ ಕೇಳಬಾರದು.

ಪ್ರಶ್ನೆ (ಕೊಲಂಬಿಯಾ ಹೈಟ್ಸ್‌ನ ತಾಯಿ): ನಮ್ಮ ಮಗು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತನಾಡುವುದಿಲ್ಲ. ಮುಂಡೊ ವೆರ್ದೆಯಂಥ ಸ್ಪ್ಯಾನಿಷ್ ಶಾಲೆ, ಯೂ ಯಿಂಗ್‌ನಂಥ ಚೀನೀ ಭಾಷೆಯ ಶಾಲೆ ಎಂದರೆ ನಮಗೆ ಆಸೆ. ಆದರೆ ಇಂಗ್ಲಿಷೇ ಬಾರದ ಮಗುವಿಗೆ ಮೂರನೇ ಭಾಷೆ ಹೊರಿಸಿದರೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಶುರುಮಾಡಿ ಎಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ಮನೆಯ ಕನ್ನಡವನ್ನು ದಯವಿಟ್ಟು ಬದಲಿಸಬೇಡಿ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಮೂರು ಭಾಷೆ ಮಗುವಿಗೆ ಭಾರವಲ್ಲ. ಯಾವ ಭಾಷೆಯಲ್ಲಿಯೂ ಯಾರೂ ಅದರೊಂದಿಗೆ ಸಾವಧಾನವಾಗಿ ಮಾತನಾಡದಿರುವುದು ಭಾರ. ನಿಮಗೆ ಸಲೀಸಾದ ಭಾಷೆಯಲ್ಲಿ ಕಥೆ ಹೇಳಿ, ಜಗಳವಾಡಿ, ಲೆಕ್ಕ ಹೇಳಿಕೊಡಿ. ಆ ಬುನಾದಿಯ ಮೇಲೆ ಉಳಿದವು ನಿಲ್ಲುತ್ತವೆ. ಇಂಗ್ಲಿಷ್ ಈ ಊರಿನ ಗಾಳಿಯಲ್ಲಿಯೇ ಇದೆ, ಕನ್ನಡಕ್ಕೆ ನಿಮ್ಮ ಮನೆಯೊಂದೇ ನೆಲೆ.

ಇಮ್ಮರ್ಷನ್ ಶಾಲೆಯನ್ನು, ಅಂದರೆ ಪಾಠವನ್ನೇ ಬೇರೊಂದು ಭಾಷೆಯಲ್ಲಿ ಮಾಡುವ ಶಾಲೆಯನ್ನು ಆರಿಸುವವರು ಕೆಲವನ್ನು ಮೊದಲೇ ತಿಳಿದಿರಬೇಕು. ಒಂದೊಂದು ಶಾಲೆಯ ಪದ್ಧತಿ ಒಂದೊಂದು. ಯೂ ಯಿಂಗ್‌ನಲ್ಲಿ ಪ್ರಿ-ಕೆ ಪೂರ್ತಿ ಚೀನೀ ಭಾಷೆಯಲ್ಲಿ, ಕಿಂಡರ್‌ಗಾರ್ಟನ್‌ನಿಂದ ಒಂದು ದಿನ ಚೀನೀ, ಒಂದು ದಿನ ಇಂಗ್ಲಿಷ್. ಲ್ಯಾಂಬ್‌ನಲ್ಲಿ ಸ್ಪ್ಯಾನಿಷ್ ಜೊತೆಗೆ ಮಾಂಟೆಸ್ಸರಿ. ಸ್ಟೋಕ್ಸ್‌ನಲ್ಲಿ ಫ್ರೆಂಚ್ ಇಲ್ಲವೇ ಸ್ಪ್ಯಾನಿಷ್. ಇವುಗಳಲ್ಲಿ ಸೀಟು ಹೆಚ್ಚಾಗಿ ತೆರೆಯುವುದು ಪಿಕೆ-3ರಲ್ಲಿ. ಒಂದು ವರ್ಷ ಬಿಟ್ಟು ನೋಡೋಣ ಎಂದರೆ ಬಾಗಿಲು ಕಿರಿದಾಗಿರುತ್ತದೆ. ಮುಂದಿನ ದಾರಿಯನ್ನೂ ನೋಡಿ: ಈ ನಾಲ್ಕು ಮತ್ತು ಡಿಸಿ ಬೈಲಿಂಗ್ವಲ್ ಸೇರಿ ಐದು ಶಾಲೆಗಳ ಮಕ್ಕಳಿಗಾಗಿ 2014ರಲ್ಲಿ ಡಿಸಿ ಇಂಟರ್‌ನ್ಯಾಷನಲ್ ಶಾಲೆ ಶುರುವಾಯಿತು. ಆರನೇ ತರಗತಿಗೆ ಅಲ್ಲಿ ಈ ಮಕ್ಕಳಿಗೆ ಆದ್ಯತೆ. ಇಂಥ ಮುಂದುವರಿಕೆ ಇಲ್ಲದ ಶಾಲೆಯಾದರೆ ಐದನೇ ತರಗತಿಯ ಹೊತ್ತಿಗೆ ಮತ್ತೆ ಲಾಟರಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಮನೆಯಲ್ಲಿ ಯಾರಿಗೂ ಬಾರದ ಭಾಷೆಯ ಹೋಮ್‌ವರ್ಕ್ ಬಂದಾಗ ನೆರವಾಗುವುದು ಹೇಗೆ ಎಂದು ಶಾಲೆಯನ್ನೇ ಕೇಳಿ. ಅದಕ್ಕೆ ವಿವರವಾದ ಉತ್ತರ ಕೊಡುವ ಶಾಲೆ ನಿಮ್ಮಂಥ ಮನೆಗಳನ್ನು ಕಂಡಿರುತ್ತದೆ.

ಪ್ರಶ್ನೆ (ಮತ್ತೊಬ್ಬ ತಾಯಿ): ಮಗ ಹುಟ್ಟಿದ್ದು ಅಕ್ಟೋಬರ್ 3. ಮೂರೇ ಮೂರು ದಿನದ ವ್ಯತ್ಯಾಸ. ವಿನಂತಿಸಿಕೊಂಡರೆ ಆದೀತೇ?

ಉತ್ತರ: ಆಗುವುದಿಲ್ಲ. ಸೆಪ್ಟೆಂಬರ್ 30ಕ್ಕೆ ಮೂರು ತುಂಬಿರಬೇಕು.

ಪ್ರಶ್ನೆ (ಹೆಸರು ಬೇಡವೆಂದವರು): ನಾವಿರುವುದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ, ಎಚ್-1ಬಿ ವೀಸಾ. ಇಲ್ಲಿ ಉಚಿತ ಪ್ರಿ-ಕೆ ನಮಗೆ ಸಿಗುತ್ತಿಲ್ಲ. ಡಿಸಿಯ ಸ್ನೇಹಿತರ ವಿಳಾಸ ಕೊಟ್ಟರೆ ಆಗುತ್ತದೆ ಎಂದು ಯಾರೋ ಹೇಳಿದರು.

ಉತ್ತರ: ವೀಸಾ ಅಡ್ಡಿಯಲ್ಲ. ವಲಸೆಯ ಸ್ಥಿತಿಯ ಕಾರಣಕ್ಕೆ ಮಕ್ಕಳನ್ನು ಸಾರ್ವಜನಿಕ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ವಿಳಾಸ ಮಾತ್ರ ನಿಜವಾಗಿ ನಿಮ್ಮದೇ ಆಗಿರಬೇಕು. ಡಿಸಿಯ ತೆರಿಗೆ ಕಡಿತ ತೋರಿಸುವ ಇತ್ತೀಚಿನ ಸಂಬಳದ ಚೀಟಿ, ಇಲ್ಲವೇ ಬಾಡಿಗೆ ಕರಾರು, ವಿದ್ಯುತ್ ಬಿಲ್ ಮುಂತಾದವುಗಳಲ್ಲಿ ಎರಡು ದಾಖಲೆ ಕೇಳುತ್ತಾರೆ. ಸುಳ್ಳು ವಿಳಾಸ ಕೊಟ್ಟವರ ಮೇಲೆ ಡಿಸಿಯ ಅಟಾರ್ನಿ ಜನರಲ್ ಕಚೇರಿ ಮೊಕದ್ದಮೆ ಹೂಡಿ ಶುಲ್ಕ ವಸೂಲಿ ಮಾಡಿದ ಉದಾಹರಣೆಗಳಿವೆ. ಆ ಸೀಟು ಡಿಸಿಯಲ್ಲೇ ಕಾಯುತ್ತಿರುವ ಇನ್ನೊಂದು ಮಗುವಿನದು ಎಂಬುದನ್ನೂ ನೆನಪಿಡಿ. ಈ ಸಲಹೆ ಕೊಟ್ಟವರ ಮಾತನ್ನು ದಯವಿಟ್ಟು ಕೇಳಬೇಡಿ.

ಪ್ರಶ್ನೆ (ಕ್ಯಾಪಿಟಲ್ ಹಿಲ್‌ನ ತಂದೆ): ಅರ್ಜಿಯಲ್ಲಿ ಬೇಡಿಕೆ ಕಡಿಮೆಯಿರುವ ಶಾಲೆಯನ್ನು ಮೊದಲು ಬರೆದರೆ ಸೀಟು ಖಚಿತ, ದೊಡ್ಡ ಹೆಸರಿನ ಶಾಲೆಯನ್ನು ಮೊದಲು ಬರೆದರೆ ಎರಡೂ ಕೈತಪ್ಪುತ್ತವೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಪ್ರತಿವರ್ಷ ಈ ಮಾತನ್ನು ನಂಬಿ ಬೇಕಾದ ಶಾಲೆಯನ್ನು ಕೆಳಗೆ ಬರೆದು ಸಂಕಟಪಡುವ ತಂದೆತಾಯಿಗಳಿದ್ದಾರೆ. ‘ಮೈ ಸ್ಕೂಲ್ ಡಿಸಿ’ ಎಂಬ ಒಂದೇ ಅರ್ಜಿಯಲ್ಲಿ ಡಿಸಿಪಿಎಸ್ ಮತ್ತು ಚಾರ್ಟರ್ ಎರಡನ್ನೂ ಸೇರಿಸಿ ಹನ್ನೆರಡು ಶಾಲೆಗಳವರೆಗೆ ಬರೆಯಬಹುದು. ಮೊದಲು ಅಣ್ಣ-ಅಕ್ಕಂದಿರು ಅಲ್ಲೇ ಓದುತ್ತಿರುವುದು ಮುಂತಾದ ಆದ್ಯತೆ, ಆಮೇಲೆ ಯಾದೃಚ್ಛಿಕ ಸಂಖ್ಯೆ. ನೀವು ಒಂದು ಶಾಲೆಯನ್ನು ಎಷ್ಟನೆಯದಾಗಿ ಬರೆದಿರಿ ಎಂಬುದರಿಂದ ಆ ಶಾಲೆಯ ಸರದಿಯಲ್ಲಿ ನಿಮ್ಮ ಸ್ಥಾನ ಬದಲಾಗುವುದಿಲ್ಲ. ಮೊದಲನೆಯದು ಸಿಗದಿದ್ದರೆ, ಎರಡನೆಯದರಲ್ಲಿ ಅದನ್ನೇ ಮೊದಲು ಬರೆದವರಷ್ಟೇ ಹಕ್ಕು ನಿಮಗೂ ಇರುತ್ತದೆ. ಈ ಬಗೆಯ ಹೊಂದಾಣಿಕೆಯ ಸಿದ್ಧಾಂತಕ್ಕೆ 2012ರಲ್ಲಿ ಲಾಯ್ಡ್ ಶ್ಯಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿದೆ. ಮನಸ್ಸಿನಲ್ಲಿರುವ ಕ್ರಮವನ್ನೇ ಬರೆಯಿರಿ. ಕಳಿಸಲು ಇಷ್ಟವಿಲ್ಲದ ಶಾಲೆಯನ್ನು ಹನ್ನೆರಡು ತುಂಬಿಸುವುದಕ್ಕೆಂದು ಬರೆಯಬೇಡಿ. ಪಿಕೆ-3ಕ್ಕೆ ಕೊನೆಯ ದಿನ ಮಾರ್ಚ್ ಮೊದಲ ದಿನಗಳಲ್ಲಿ ಬರುತ್ತದೆ. ತಡವಾದರೆ ಕಾಯುವ ಪಟ್ಟಿಯ ಬಾಲಕ್ಕೆ ಹೋಗುತ್ತೀರಿ.

ಪ್ರಶ್ನೆ (ಬ್ರೂಕ್‌ಲ್ಯಾಂಡ್‌ನ ತಾಯಿ): ಚಾರ್ಟರ್ ಶಾಲೆ ಏಕಾಏಕಿ ಮುಚ್ಚಿಬಿಟ್ಟರೆ?

ಉತ್ತರ: ಭಯ ಆಧಾರವಿಲ್ಲದ್ದಲ್ಲ. 2024ರ ಆಗಸ್ಟ್‌ನಲ್ಲಿ ಈಗಲ್ ಅಕಾಡೆಮಿ, ತರಗತಿಗಳು ಶುರುವಾಗಲು ಕೆಲವೇ ದಿನಗಳಿರುವಾಗ, ಹಣಕಾಸಿನ ಮುಗ್ಗಟ್ಟಿನಿಂದ ಮುಚ್ಚಿತು. ಅಲ್ಲಿ ಓದುತ್ತಿದ್ದವರೂ ಹೆಚ್ಚಾಗಿ ಪುಟ್ಟ ಮಕ್ಕಳೇ. ನಗರದ ಚಾರ್ಟರ್ ಮಂಡಳಿ ಪ್ರತಿ ಐದು ವರ್ಷಕ್ಕೊಮ್ಮೆಯಾದರೂ ಪ್ರತಿ ಶಾಲೆಯ ಪರಾಮರ್ಶೆ ನಡೆಸುತ್ತದೆ, ಹದಿನೈದು ವರ್ಷಕ್ಕೆ ನವೀಕರಣ. ಆ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಎರಡನ್ನು ನೋಡಿ: ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ, ಹಣಕಾಸಿನ ಬಗ್ಗೆ ಮಂಡಳಿ ಎಚ್ಚರಿಕೆ ಕೊಟ್ಟಿದೆಯೇ. ತಲಾ ಮಗುವಿಗೆ ಹಣ ಬರುವ ಪದ್ಧತಿಯಲ್ಲಿ ಮಕ್ಕಳು ಇಳಿದರೆ ಶಾಲೆಯ ಉಸಿರೂ ಇಳಿಯುತ್ತದೆ.

ಪ್ರಶ್ನೆ (ಪೆಟ್‌ವರ್ತ್‌ನ ತಾಯಿ): ಮಗಳಿಗೆ ಎರಡು ಮುಕ್ಕಾಲು ವರ್ಷ, ಮಾತು ತಡವಾಗಿದೆ. ಎರಡು ಭಾಷೆಯ ಕಾರಣವೆಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಶಾಲೆ ಸೇರಿದ ಮೇಲೆ ನೋಡೋಣವೇ?

ಉತ್ತರ: ಕಾಯಬೇಡಿ ಅಮ್ಮ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ, ಆದ್ದರಿಂದ ಅದನ್ನೇ ಕಾರಣವೆಂದುಕೊಂಡು ಕೂರುವುದು ಬೇಡ. ಎರಡು ವರ್ಷ ಎಂಟು ತಿಂಗಳಿನಿಂದ ಐದು ವರ್ಷ ಹತ್ತು ತಿಂಗಳವರೆಗಿನ ಮಕ್ಕಳನ್ನು ಡಿಸಿಪಿಎಸ್‌ನ ‘ಅರ್ಲಿ ಸ್ಟೇಜಸ್’ ಕೇಂದ್ರ ಉಚಿತವಾಗಿ ಪರೀಕ್ಷಿಸುತ್ತದೆ. ಮನೆಯಲ್ಲಿ ಕನ್ನಡ ಎಂದು ಹೇಳಿ, ದುಭಾಷಿಯನ್ನು ಕೇಳಿ. ಕನ್ನಡದಲ್ಲಿ ಎಷ್ಟು ಪದ ಬರುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ವಿಶೇಷ ನೆರವು ಬೇಕೆಂದು ತೀರ್ಮಾನವಾದರೆ ಚಾರ್ಟರ್ ಶಾಲೆಯೂ ಅದನ್ನು ಕೊಡಲೇಬೇಕು, ‘ನಮ್ಮಲ್ಲಿ ಆ ವ್ಯವಸ್ಥೆಯಿಲ್ಲ’ ಎನ್ನುವಂತಿಲ್ಲ. ಆದರೆ ಕೊಡುವ ರೀತಿಯಲ್ಲಿ ಶಾಲೆಯಿಂದ ಶಾಲೆಗೆ ಬಹಳ ಅಂತರವಿದೆ. ಸ್ಪೀಚ್ ಥೆರಪಿಸ್ಟ್ ಶಾಲೆಯಲ್ಲೇ ಇರುತ್ತಾರೆಯೇ, ವಾರಕ್ಕೊಮ್ಮೆ ಬಂದುಹೋಗುತ್ತಾರೆಯೇ ಎಂದು ಕೇಳಿ. ನಿಮ್ಮ ಮಟ್ಟಿಗೆ ಮಿಕ್ಕ ಎಲ್ಲ ಅಂಕಣಗಳಿಗಿಂತ ಇದೇ ದೊಡ್ಡದು.

ಪ್ರಶ್ನೆ (ನೇವಿ ಯಾರ್ಡ್‌ನ ತಂದೆ): ಕೊನೆಯದಾಗಿ, ಮೊದಲ ಆಯ್ಕೆಯಲ್ಲಿ ಕಾಯುವ ಪಟ್ಟಿಯ 43ನೇ ಸ್ಥಾನ ಬಂದರೆ ಆಸೆ ಬಿಡಬೇಕೇ?

ಉತ್ತರ: ಸಿಕ್ಕ ಶಾಲೆಗೆ ಮೊದಲು ಸೇರಿಸಿಬಿಡಿ. ಸೇರಿಸಿದರೂ, ಅದಕ್ಕಿಂತ ಮೇಲೆ ಬರೆದ ಶಾಲೆಗಳ ಪಟ್ಟಿಯಲ್ಲಿ ನಿಮ್ಮ ಸ್ಥಾನ ಉಳಿಯುತ್ತದೆ. ಕೆಳಗೆ ಬರೆದವುಗಳಲ್ಲಿ ಮಾತ್ರ ಹೋಗುತ್ತದೆ. ಪಟ್ಟಿ ಮೊದಲು ಅಲುಗುವುದು ಮೇ ತಿಂಗಳಲ್ಲಿ, ಸೇರ್ಪಡೆಯ ಗಡುವು ಮುಗಿದಾಗ. ಆಮೇಲೆ ಊರು ಬಿಡುವವರು, ಬೇರೆ ಕಡೆ ಸಿಕ್ಕವರು ಹೊರಟಂತೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮತ್ತೆ. ಅಕ್ಟೋಬರ್ 5ರ ಹಾಜರಾತಿಯ ಆಧಾರದ ಮೇಲೆ ಶಾಲೆಗೆ ಮಕ್ಕಳ ಲೆಕ್ಕ ಹಾಕುವುದರಿಂದ ಅಲ್ಲಿಯವರೆಗೂ ಶಾಲೆಗಳು ಸೀಟು ತುಂಬಿಸಲು ನೋಡುತ್ತವೆ, ಅದಾದ ಮೇಲೆ ಕರೆ ಬರುವುದು ವಿರಳ. ಬೇಸಿಗೆಯಲ್ಲಿ ಊರಿಗೆ ಹೋಗುವುದಿದ್ದರೆ ಅರ್ಜಿಯಲ್ಲಿ ಕೊಟ್ಟ ಇಮೇಲನ್ನು ಅಲ್ಲಿಯೂ ದಿನಾ ನೋಡುತ್ತಿರಿ. ಕರೆ ಬಂದರೆ ಒಪ್ಪಿಗೆ ತಿಳಿಸಲು ಕೊಡುವ ಗಡುವು ಚಿಕ್ಕದು.